ನೆಲದ ಮೇಲೆ ಹನಿಯಿಲ್ಲ, ಡಬ್ಬಿಯಲ್ಲಿ ಕೂಲಂಟ್ ಮಾತ್ರ ಇಳಿಯುತ್ತಿದೆ: 750 ಸಿಸಿ ಕ್ರೂಸರ್‌ನ ಸಣ್ಣ ಸೋರಿಕೆ

ವಿ-ಜೋಡಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನದು ದ್ರವ ತಂಪಿನ 750 ಸಿಸಿ ವಿ-ಟ್ವಿನ್ ಕ್ರೂಸರ್, ಅಂದರೆ ವಿ ಆಕಾರದಲ್ಲಿ ಎರಡು ಸಿಲಿಂಡರ್ ಇರುವ ಬೈಕ್. ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಗಾಡಿ ಸೊಗಸಾಗಿ ಓಡುತ್ತದೆ, ಬಿಸಿಯ ಎಚ್ಚರಿಕೆ ದೀಪ ಒಮ್ಮೆಯೂ ಹೊತ್ತಿಲ್ಲ. ಆದರೆ ರಿಸರ್ವ್ ಡಬ್ಬಿಯ ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಕೆಲವೇ ವಾರಗಳಲ್ಲಿ ಇಳಿದುಬಿಡುತ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಬಿಸಿಲಿನಲ್ಲಿ ದೂರ ಓಡಿಸಿ ಬಂದು ನಿಲ್ಲಿಸಿದಾಗ ಟ್ಯಾಂಕಿನ ಕೆಳಗಿನಿಂದ ಸಿಹಿ ವಾಸನೆ ಬರುತ್ತದೆ, ಅಷ್ಟೇ.

ಒಂದು ಗ್ಯಾರೇಜಿಗೆ ತೋರಿಸಿದೆ. ವಾಟರ್ ಪಂಪಿನ ಕೆಳಗೆ ಹಸಿರು ಕಲೆ ಇದೆ, ಪಂಪ್ ಪೂರ್ತಿ ಬದಲಿಸಬೇಕು ಎಂದರು. ಅವರು ಹೇಳಿದ ಮೊತ್ತ ಕೇಳಿ ಗಾಡಿಯನ್ನು ಹಾಗೆಯೇ ಮನೆಗೆ ತಂದೆ. ಅಷ್ಟು ಹಣ ಸುರಿಯುವ ಮೊದಲು ಇಲ್ಲಿನ ಅನುಭವಿಗಳನ್ನು ಕೇಳೋಣ ಎನಿಸಿತು. ಮನೆಯಲ್ಲೇ ಹುಡುಕಲು ಸಾಧ್ಯವೇ? ಸಾಧಾರಣ ಪಾನಾ ಸೆಟ್ ಇದೆ, ಸಮಯ ಭಾನುವಾರ ಮಾತ್ರ.

ಹಳೆಯ ಪಾನಾ, ಹುಬ್ಬಳ್ಳಿ

ಸರ್, ಪಂಪ್ ಬದಲಿಸಬೇಡಿ. ಪಂಪ್ ಕೆಟ್ಟಿಲ್ಲ ಎಂದು ನಾನು ಹೇಳುತ್ತಿಲ್ಲ. ಕೆಟ್ಟಿದೆ ಎಂಬುದಕ್ಕೆ ಅವರ ಬಳಿ ಇರುವ ಸಾಕ್ಷಿ ಒಂದು ಕಲೆ ಮಾತ್ರ. ಕಲೆ ಇದೆ ಎಂದರೆ ಯಾವುದೋ ಕಾಲದಲ್ಲಿ ಅಲ್ಲಿ ಕೂಲಂಟ್ ಬಿದ್ದಿತ್ತು ಎಂದಷ್ಟೇ ಅರ್ಥ. ನಿನ್ನೆ ಬಿದ್ದದ್ದೋ, ಹಿಂದಿನ ಮಾಲೀಕರು ಕೂಲಂಟ್ ಬದಲಿಸಿದಾಗ ಚೆಲ್ಲಿದ್ದೋ, ನೋಡಿದರೆ ತಿಳಿಯುವುದಿಲ್ಲ.

ಮೊದಲು ಸೋರಿಕೆ ನಿಜವಾಗಿಯೂ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಬಹಳ ಜನ ಸೈಡ್ ಸ್ಟ್ಯಾಂಡ್ ಹಾಕಿ ಒಂದು ದಿನ ನೋಡುತ್ತಾರೆ, ಇನ್ನೊಂದು ದಿನ ಗಾಡಿಯನ್ನು ನೇರ ನಿಲ್ಲಿಸಿ ನೋಡುತ್ತಾರೆ, ಮತ್ತೊಂದು ದಿನ ಎಂಜಿನ್ ಬಿಸಿ ಇರುವಾಗ ನೋಡುತ್ತಾರೆ. ಈ ಮೂರೂ ಅಳತೆ ಬೇರೆ ಬೇರೆ ಬರುತ್ತವೆ. ಬಿಸಿಯಾದಾಗ ಕೂಲಂಟ್ ಹಿಗ್ಗಿ ಡಬ್ಬಿಗೆ ಬರುತ್ತದೆ, ತಣ್ಣಗಾದಾಗ ರೇಡಿಯೇಟರ್ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಬೆಳಿಗ್ಗೆ, ಎಂಜಿನ್ ಚಾಲೂ ಮಾಡುವ ಮೊದಲು, ಒಂದೇ ಜಾಗದಲ್ಲಿ, ಯಾರಾದರೂ ಗಾಡಿಯನ್ನು ನೇರ ಹಿಡಿದಿರುವಾಗ ನೋಡಿ. ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ಇನ್ನೊಂದು ವಿಷಯ: ಡಬ್ಬಿಯನ್ನು ಮೇಲಿನ ಗೆರೆಗಿಂತ ಹೆಚ್ಚು ತುಂಬಿಸಿದ್ದರೆ ಹೆಚ್ಚಾದದ್ದು ಉಸಿರು ಕೊಳವೆಯಿಂದ ಹೊರಗೆ ಹೋಗುತ್ತದೆ. ಅದು ಸೋರಿಕೆಯಲ್ಲ.

ಹನಿ ಏಕೆ ಕಾಣುತ್ತಿಲ್ಲ ಎಂಬುದಕ್ಕೆ ಕಾರಣ ಸರಳ. ವಿ-ಟ್ವಿನ್‌ನಲ್ಲಿ ಎರಡು ಸಿಲಿಂಡರ್‌ಗಳ ನಡುವಿನ ಕಣಿವೆ ಗಾಡಿಯ ಅತ್ಯಂತ ಬಿಸಿ ಜಾಗಗಳಲ್ಲಿ ಒಂದು. ಅಲ್ಲಿ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ನಿಮಗೆ ಬರುತ್ತಿರುವ ಸಿಹಿ ವಾಸನೆ ಕೂಲಂಟಿನಲ್ಲಿರುವ ಗ್ಲೈಕಾಲ್‌ನದು. ಅದೂ ನಿಲ್ಲಿಸಿದ ಮೇಲೆ ಏಕೆ ಜಾಸ್ತಿ ಎಂದರೆ, ಎಂಜಿನ್ ಆರಿಸಿದ ಕೂಡಲೇ ಪಂಪ್ ನಿಲ್ಲುತ್ತದೆ, ಎದುರು ಗಾಳಿಯೂ ನಿಲ್ಲುತ್ತದೆ, ಲೋಹದೊಳಗಿನ ಶಾಖ ಮಾತ್ರ ಕೂಲಂಟಿಗೆ ಇಳಿಯುತ್ತಲೇ ಇರುತ್ತದೆ. ಕೆಲವು ನಿಮಿಷ ಒಳಗಿನ ಒತ್ತಡ ಏರುತ್ತದೆ. ಸಣ್ಣ ಸೋರಿಕೆ ಬಾಯಿ ಬಿಡುವುದು ಆಗಲೇ.

ಆದ್ದರಿಂದ ಹನಿಯನ್ನು ಹುಡುಕಬೇಡಿ, ಒಣಗಿದ ಗುರುತನ್ನು ಹುಡುಕಿ. ಅದಕ್ಕೂ ಮೊದಲು ತಣ್ಣಗಿರುವ ಎಂಜಿನ್ನನ್ನು ನೀರು ಮತ್ತು ಮೃದು ಬ್ರಷ್‌ನಿಂದ ತೊಳೆದು ಈಗಿರುವ ಎಲ್ಲ ಕಲೆಗಳನ್ನೂ ತೆಗೆಯಿರಿ. ಕೆಲವು ದಿನ ಓಡಿಸಿ ಮತ್ತೆ ಟಾರ್ಚ್ ಹಿಡಿಯಿರಿ. ಹೊಸದಾಗಿ ಎಲ್ಲಿ ಬಿಳಿಯ ಅಥವಾ ಹಸಿರು ಹೊಪ್ಪಳೆ ಕಟ್ಟಿದೆಯೋ ಅಲ್ಲಿಂದ ಮೇಲಕ್ಕೆ ಹೋಗಿ. ದ್ರವ ಕೆಳಕ್ಕೂ ಹಿಂದಕ್ಕೂ ಹರಿಯುತ್ತದೆ, ಕಲೆ ಇರುವ ಜಾಗವೇ ತೂತಿನ ಜಾಗ ಆಗಿರಬೇಕಿಲ್ಲ.

ಘಟ್ಟದ ಸವಾರ, ಶಿವಮೊಗ್ಗ

ಇಷ್ಟೆಲ್ಲ ಯಾಕೆ ಸರ್? ನಮ್ಮ ಕಡೆ ಲಾರಿಯವರು ರೇಡಿಯೇಟರ್ ಸೋರಿದರೆ ಎರಡು ಚಮಚ ಅರಿಶಿನ ಪುಡಿ ಹಾಕಿ ಘಟ್ಟ ಹತ್ತಿಸುತ್ತಾರೆ. ನಾನೂ ಹಳೆಯ ಜೀಪಿಗೆ ಹಾಕಿದ್ದೇನೆ, ನಿಂತಿದೆ.

ರಸಾಯನ ಮೇಡಂ, ದಾವಣಗೆರೆ

ಸವಾರರೇ, ನಿಲ್ಲುತ್ತದೆ, ಸುಳ್ಳಲ್ಲ. ನೀರಿನಲ್ಲಿ ಉಬ್ಬಿದ ಅರಿಶಿನದ ಕಣಗಳು ಹರಿವಿನ ಜೊತೆ ಹೋಗಿ ತೂತಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ. ಅಂಗಡಿಯಲ್ಲಿ ಸಿಗುವ ಸೋರಿಕೆ ತಡೆಯುವ ಪುಡಿ, ದ್ರವಗಳ ಪೈಕಿ ಬಹಳಷ್ಟು ಕೆಲಸ ಮಾಡುವುದೂ ಹೀಗೆಯೇ. ಆದರೆ ಆ ಕಣಗಳಿಗೆ ಯಾವುದು ತೂತು, ಯಾವುದು ರೇಡಿಯೇಟರ್‌ನ ಕೊಳವೆ ಎಂಬ ವಿವೇಕ ಇರುವುದಿಲ್ಲ. ಲಾರಿಯ ಹಳೆಯ ತಾಮ್ರ-ಹಿತ್ತಾಳೆ ರೇಡಿಯೇಟರ್‌ನ ಕೊಳವೆಗಳು ಅಗಲ. ಬೈಕಿನ ಅಲ್ಯೂಮಿನಿಯಂ ರೇಡಿಯೇಟರ್‌ನ ಚಪ್ಪಟೆ ಕೊಳವೆಗಳ ಒಳದಾರಿ ತೀರಾ ಕಿರಿದು. ಅಲ್ಲಿ ಕೆಸರು ಕಟ್ಟಿದರೆ ಇಂದಿನ ಸೋರಿಕೆ ಹೋಗಿ ನಾಳೆ ಎಂಜಿನ್ ಕಾಯುವ ತೊಂದರೆ ಬರುತ್ತದೆ. ಬಿಸಿ ನೋಡಿ ಕೂಲಂಟಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಮತ್ತು ಪಂಪಿನ ಸೀಲ್ ಮೇಲೂ ಅದು ಕೂರುತ್ತದೆ.

ಇನ್ನೊಂದು ತಮಾಷೆಯ ಸಂಗತಿ. ಕೂಲಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುವುದರಿಂದ ಅದು ಸಾಮಾನ್ಯವಾಗಿ ಕ್ಷಾರೀಯ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದನ್ನು ನಾವೆಲ್ಲ ನೋಡಿದ್ದೇವೆ, ಕುಂಕುಮ ಮಾಡುವುದೂ ಹಾಗೆಯೇ. ಸಾಕಷ್ಟು ಕ್ಷಾರೀಯವಾದ ಹಸಿರು ಕೂಲಂಟಿಗೆ ಅರಿಶಿನ ಹಾಕಿದರೆ ಬಣ್ಣ ಕಂದು ಕೆಂಪಿನತ್ತ ತಿರುಗಬಹುದು. ಮುಂದೆ ಆ ಗಾಡಿಯನ್ನು ನೋಡುವ ಮೆಕ್ಯಾನಿಕ್ ತುಕ್ಕು ಎಂದುಕೊಂಡು ಎಂಜಿನ್ ಬಿಚ್ಚಲು ಹೊರಟರೆ ಅವರ ತಪ್ಪಲ್ಲ.

ಘಟ್ಟದ ಸವಾರ, ಶಿವಮೊಗ್ಗ

ಮೇಡಂ, ಜೀಪಿನ ರೇಡಿಯೇಟರ್ ಕೆಂಪಗಿದೆ. ತುಕ್ಕು ಎಂದುಕೊಂಡಿದ್ದೆ.

ಮಿಷಿಗನ್ ಕನ್ನಡಿಗ

ನನ್ನದೂ ದ್ರವ ತಂಪಿನ ವಿ-ಟ್ವಿನ್ ಕ್ರೂಸರ್, ವಯಸ್ಸಾದ ಗಾಡಿ. ಇಲ್ಲಿ ನಿಮ್ಮದಕ್ಕೆ ವಿರುದ್ಧವಾದ ಕಥೆ ನಡೆಯುತ್ತದೆ. ಬೇಸಿಗೆಯಲ್ಲಿ ಒಂದು ಹನಿಯೂ ಇಲ್ಲ. ಅಕ್ಟೋಬರ್ ಬಂದು ರಾತ್ರಿ ಚಳಿ ಹಿಡಿದರೆ ಬೆಳಿಗ್ಗೆ ಗ್ಯಾರೇಜಿನ ನೆಲದ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಹಸಿರು. ಎಂಜಿನ್ ಬಿಸಿಯಾದರೆ ಸೋರಿಕೆ ಮಾಯ.

ಇದಕ್ಕೆ ಕಾರಣ ಹೋಸ್ ಕ್ಲಿಪ್‌ಗಳು. ರಬ್ಬರ್ ಹೋಸ್ ವರ್ಷಗಟ್ಟಲೆ ಕ್ಲಿಪ್ಪಿನ ಕೆಳಗೆ ಒತ್ತಿಕೊಂಡು ಆ ಆಕಾರಕ್ಕೇ ಗಟ್ಟಿಯಾಗಿಬಿಡುತ್ತದೆ. ಚಳಿಯಲ್ಲಿ ರಬ್ಬರ್ ಮತ್ತು ಲೋಹ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ತಿರುಪು ಇರುವ ಕ್ಲಿಪ್ ಬಿಗಿ ಮಾಡಿದ ಅಳತೆಯಲ್ಲೇ ನಿಂತಿರುತ್ತದೆ, ಹೋಸ್ ಕುಗ್ಗಿದಾಗ ಅದನ್ನು ಹಿಂಬಾಲಿಸುವುದಿಲ್ಲ. ಸ್ಪ್ರಿಂಗ್ ಕ್ಲಿಪ್ ಹಿಂಬಾಲಿಸುತ್ತದೆ. ಅದಕ್ಕಾಗಿಯೇ ಎಷ್ಟೋ ಕಾರುಗಳಲ್ಲಿ ಸ್ಪ್ರಿಂಗ್ ಕ್ಲಿಪ್ ಬಂದಿರುತ್ತದೆ. ನೋಡಲು ಅಗ್ಗದ ವಸ್ತು, ಕೆಲಸ ಮಾತ್ರ ಉತ್ತಮ.

ಮೈಸೂರಿನಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೂ ಎಂಜಿನ್ ತಣ್ಣಗಿರುವಾಗ ಹೋಸಿನ ತುದಿಗಳನ್ನು ಒಮ್ಮೆ ಟಿಶ್ಯೂ ಕಾಗದದಿಂದ ಒರೆಸಿ ನೋಡಿ. ಕಣ್ಣಿಗೆ ಕಾಣದ ತೇವ ಬಿಳಿ ಕಾಗದದ ಮೇಲೆ ಬಣ್ಣವಾಗಿ ಕಾಣುತ್ತದೆ. ಕ್ಲಿಪ್ ಸಡಿಲ ಎನಿಸಿದರೆ ಅರ್ಧ ಸುತ್ತು ಬಿಗಿ ಮಾಡಬಹುದು. ಅದಕ್ಕಿಂತ ಹೆಚ್ಚು ತಿರುಗಿಸಿ ಗೆಲ್ಲಲು ಹೋಗಬೇಡಿ. ಕ್ಲಿಪ್ಪಿನ ಹಲ್ಲು ರಬ್ಬರನ್ನು ಕತ್ತರಿಸುತ್ತದೆ, ಅಲ್ಯೂಮಿನಿಯಂ ಮೂತಿಯೂ ಸೊಟ್ಟಗಾಗಬಹುದು.

ಜೆ.ಸಿ. ರಸ್ತೆ ತಿರುಗಾಡಿ, ಬೆಂಗಳೂರು

ತೊಳೆದು, ಓಡಿಸಿ, ಕಾದು ನೋಡುವ ತಾಳ್ಮೆ ನನಗಿಲ್ಲ. ಪ್ರೆಷರ್ ಟೆಸ್ಟರ್ ತನ್ನಿ. ರೇಡಿಯೇಟರ್ ಮುಚ್ಚಳದ ಜಾಗದಲ್ಲಿ ಕೂರುವ ಕೈ ಪಂಪ್, ಮೇಲೊಂದು ಒತ್ತಡ ತೋರಿಸುವ ಮುಳ್ಳಿನ ಮಾಪಕ. ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು, ಕೂಲಂಟ್ ಕಂಠಮಟ್ಟ ಇದೆಯೇ ನೋಡಿ, ಟೆಸ್ಟರ್ ಕೂರಿಸಿ ಒತ್ತಡ ಕೊಡಿ. ಎಷ್ಟು ಎಂಬುದು ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಬೈಕುಗಳಲ್ಲಿ ಸಾಮಾನ್ಯವಾಗಿ 1.1 ಎಂದಿರುತ್ತದೆ, ಅಂದರೆ ಚದರ ಸೆಂ.ಮೀ.ಗೆ 1.1 ಕೆ.ಜಿ., ಸುಮಾರು 108 ಕಿಲೋಪಾಸ್ಕಲ್. ಅದಕ್ಕಿಂತ ಮೇಲೆ ಹೋಗಬೇಡಿ, ಇಲ್ಲದ ಸೋರಿಕೆಯನ್ನು ನೀವೇ ಸೃಷ್ಟಿಸುತ್ತೀರಿ.

ಇದರಲ್ಲಿರುವ ಲಾಭ ಒಂದೇ: ಒತ್ತಡ ಇದೆ, ಶಾಖ ಇಲ್ಲ. ಸೋರಿದ್ದು ಆವಿಯಾಗುವುದಿಲ್ಲ, ಅಲ್ಲೇ ನಿಂತು ಕಾಣುತ್ತದೆ. ಮುಳ್ಳು ಹತ್ತು ಹದಿನೈದು ನಿಮಿಷ ಅಲುಗಾಡದೆ ನಿಂತರೆ ದೊಡ್ಡ ತೊಂದರೆಯಿಲ್ಲ. ನಿಧಾನ ಇಳಿದರೆ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿ.

ಕೊಳ್ಳುವ ಮೊದಲು ಒಂದು ಮಾತು. ಮಾರುಕಟ್ಟೆಯಲ್ಲಿ ಸಿಗುವ ಸೆಟ್‌ಗಳು ಹೆಚ್ಚಾಗಿ ಕಾರಿನವು. ಬೈಕಿನ ರೇಡಿಯೇಟರ್‌ನ ಸಣ್ಣ ಬಾಯಿಗೆ ಬೇರೆ ಅಡಾಪ್ಟರ್ ಬೇಕಾಗಬಹುದು, ನಿಮ್ಮ ಮುಚ್ಚಳವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಅಳತೆ ನೋಡಿಯೇ ಕೊಳ್ಳಿ. ರೇಡಿಯೇಟರ್ ರಿಪೇರಿ ಮಾಡುವ ಅಂಗಡಿಗಳಲ್ಲಿ ಈ ಸಾಧನ ಇರುತ್ತದೆ, ಕೇಳಿದರೆ ಒಂದಿಷ್ಟು ಹಣಕ್ಕೆ ಪರೀಕ್ಷೆ ಮಾಡಿಕೊಡುತ್ತಾರೆ. ಅದೇ ಪಂಪಿನಿಂದ ಮುಚ್ಚಳವನ್ನೂ ಪರೀಕ್ಷಿಸಿ.

ಕಡಲತಡಿ, ಉಡುಪಿ

ಮುಚ್ಚಳದ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ಅದು ಕುಕ್ಕರ್ ತೂಕದ ಹಾಗೆ ಕೆಲಸ ಮಾಡುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಅರ್ಧ ಮಾತ್ರ ಸರಿ. ಕುಕ್ಕರ್ ಹೊರಗೆ ಬಿಟ್ಟ ಆವಿಯನ್ನು ವಾಪಸ್ ಎಳೆದುಕೊಳ್ಳುವುದಿಲ್ಲ, ರೇಡಿಯೇಟರ್ ಎಳೆದುಕೊಳ್ಳಬೇಕು. ಮುಚ್ಚಳದ ಅಡಿಯಲ್ಲಿ ನಡುಮಧ್ಯೆ ಒಂದು ಪುಟ್ಟ ಬಿಲ್ಲೆ ಇರುತ್ತದೆ, ಉಗುರಿನಿಂದ ಎಳೆದರೆ ಸ್ವಲ್ಪ ಬರಬೇಕು, ಬಿಟ್ಟರೆ ಮತ್ತೆ ಕೂರಬೇಕು. ಅದೇ ವಾಪಸ್ ಬರುವ ಬಾಗಿಲು. ಉಪ್ಪಿನ ಗಾಳಿಯ ನಮ್ಮ ಊರಿನಲ್ಲಿ ಅದು ಕಚ್ಚಿಕೊಳ್ಳುವುದನ್ನು ನೋಡಿದ್ದೇನೆ. ಕಚ್ಚಿದರೆ ಡಬ್ಬಿಯ ಮಟ್ಟ ಏರುತ್ತಾ ಹೋಗುತ್ತದೆ, ರೇಡಿಯೇಟರ್ ಒಳಗೆ ಮಾತ್ರ ಖಾಲಿಯಾಗುತ್ತದೆ. ತಣ್ಣಗಾದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿ ಒಳಗೆ ಸೇದಿಕೊಂಡಿರುತ್ತದೆ.

ಮುಚ್ಚಳದ ರಬ್ಬರ್ ಸೀಳಿದ್ದರೆ ಇನ್ನೊಂದು ಕಷ್ಟ: ಒತ್ತಡ ಕಟ್ಟುವುದಿಲ್ಲ. ಅರ್ಧ ಗ್ಲೈಕಾಲ್ ಅರ್ಧ ನೀರಿನ ಮಿಶ್ರಣ ಒತ್ತಡ ಇಲ್ಲದೆ 107 ಡಿಗ್ರಿ ಸುಮಾರಿಗೆ ಕುದಿಯುತ್ತದೆ, ಒಳ್ಳೆಯ ಮುಚ್ಚಳ ಇದ್ದರೆ 125 ದಾಟಿದರೂ ಕುದಿಯುವುದಿಲ್ಲ. ಹಲವು ಬೈಕುಗಳಲ್ಲಿ ಫ್ಯಾನ್ ತಿರುಗಲು ಆರಂಭಿಸುವುದೇ ನೂರರ ಆಸುಪಾಸಿನಲ್ಲಿ. ಸಿಗ್ನಲ್‌ನಲ್ಲಿ ನಿಂತಾಗ ನಿಮಗೆ ಸಿಗುವ ಅಂತರ ಇಷ್ಟೇ. ಬಿಸಿಯಿರುವಾಗ ಮುಚ್ಚಳಕ್ಕೆ ಕೈ ಹಾಕಬೇಡಿ ಎಂಬುದನ್ನು ಬೇರೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಬಟ್ಟೆ ಹಿಡಿದುಕೊಂಡಿದ್ದರೂ ಬೇಡ.

ವಿ-ಜೋಡಿ, ಮೈಸೂರು

ಎಲ್ಲರಿಗೂ ಧನ್ಯವಾದ. ಮಾರ್ಕರ್ ಗೆರೆ ಎಳೆದು ನೋಡಿದೆ, ಇಳಿಯುತ್ತಿರುವುದು ನಿಜ. ಮುಚ್ಚಳದ ಬಿಲ್ಲೆ ಆಡುತ್ತಿದೆ, ರಬ್ಬರ್ ಚೆನ್ನಾಗಿದೆ. ಎಂಜಿನ್ ತೊಳೆದೆ. ಗ್ಯಾರೇಜಿನವರು ತೋರಿಸಿದ್ದ ಪಂಪಿನ ಹಸಿರು ಕಲೆ ಬ್ರಷ್‌ಗೆ ಪುಡಿಯಾಗಿ ಉದುರಿತು. ರೇಡಿಯೇಟರ್ ಅಂಗಡಿಯ ಹಿರಿಯರೊಬ್ಬರು ಟೆಸ್ಟರ್ ಹಾಕಿಕೊಟ್ಟರು. ಮುಳ್ಳು ನಿಧಾನವಾಗಿ ಇಳಿಯುತ್ತದೆ. ಆದರೆ ಎಲ್ಲಿಯೂ ಹನಿ ಕಾಣಲಿಲ್ಲ! ಟ್ಯಾಂಕ್ ಬಿಚ್ಚದೆ ಕಣಿವೆಯೊಳಗೆ ಕಣ್ಣು ಹೋಗುವುದಿಲ್ಲ. ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿರಬಹುದೇ ಎಂದು ಅವರೂ ಅನುಮಾನಿಸಿದರು. ಈಗ ನಿದ್ದೆ ಬರುತ್ತಿಲ್ಲ.

ಹಳೆಯ ಪಾನಾ, ಹುಬ್ಬಳ್ಳಿ

ನಿದ್ದೆ ಮಾಡಿ. ಹೆಡ್ ಗ್ಯಾಸ್ಕೆಟ್ ಹೋದರೆ ಸಾಮಾನ್ಯವಾಗಿ ಬೇರೆ ಲಕ್ಷಣಗಳೂ ಜೊತೆಗೆ ಬರುತ್ತವೆ. ಎಂಜಿನ್ ಓಡುವಾಗ ರಿಸರ್ವ್ ಡಬ್ಬಿಯೊಳಗೆ ಗುಳ್ಳೆ ಬಿಡದೆ ಏಳುತ್ತದೆ. ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲುವುದಿಲ್ಲ, ಅದಕ್ಕೂ ಸಿಹಿ ವಾಸನೆ. ಎಂಜಿನ್ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿ ನೊರೆ ಕಟ್ಟುತ್ತದೆ. ಚಳಿಗಾಲದ ಬೆಳಗಿನ ಮೊದಲ ಐದು ನಿಮಿಷದ ಬಿಳಿ ಆವಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅದು ಎಲ್ಲ ಗಾಡಿಗಳಲ್ಲೂ ಇರುತ್ತದೆ. ಅನುಮಾನ ಉಳಿದರೆ ರೇಡಿಯೇಟರ್ ಬಾಯಿಗೆ ಹಿಡಿಯುವ ಒಂದು ನೀಲಿ ದ್ರವದ ಪರೀಕ್ಷೆ ಇದೆ. ದಹನದ ಅನಿಲ ಕೂಲಂಟಿನೊಳಗೆ ಬರುತ್ತಿದ್ದರೆ ನೀಲಿ ಹಳದಿಯಾಗುತ್ತದೆ.

ನೀವು ಹೇಳಿದ್ದರಲ್ಲಿ ಗುಳ್ಳೆ, ಹೊಗೆ, ನೊರೆ ಈ ಮೂರರಲ್ಲಿ ಒಂದೂ ಇಲ್ಲ. ಟ್ಯಾಂಕ್ ಬಿಚ್ಚಿ.

ಜೆ.ಸಿ. ರಸ್ತೆ ತಿರುಗಾಡಿ, ಬೆಂಗಳೂರು

ಟ್ಯಾಂಕ್ ಬಿಚ್ಚುವ ಮೊದಲು ಯುವಿ ಡೈ ಹಾಕಿ. ಕೂಲಂಟಿಗೆ ಹಾಕುವ, ಯುವಿ (ಅತಿನೇರಳೆ) ಬೆಳಕಿನಲ್ಲಿ ಹೊಳೆಯುವ ಬಣ್ಣ. ಎಂಜಿನ್ ಆಯಿಲ್‌ಗೆ ಮತ್ತು ಎಸಿ ಗ್ಯಾಸಿಗೆ ಹಾಕುವ ಡೈ ಬೇರೆ, ನೋಡಿ ಕೊಳ್ಳಿ. ಬೈಕಿಗೆ ಬಹಳ ಸ್ವಲ್ಪ ಸಾಕು. ಕೆಲವು ದಿನ ಓಡಿಸಿ, ರಾತ್ರಿ ದೀಪ ಆರಿಸಿ ಯುವಿ ಟಾರ್ಚ್ ಬಿಡಿ. ಸೋರಿದ ಕಡೆ ಹಳದಿ ಹಸಿರಾಗಿ ಬೆಳಗುತ್ತದೆ. ನೀರು ಆವಿಯಾದರೂ ಡೈ ಅಲ್ಲೇ ಉಳಿಯುತ್ತದೆ, ಆದ್ದರಿಂದ ಒಣ ಸೋರಿಕೆಗೆ ಇದೇ ಸರಿಯಾದ ಮದ್ದು. ಡೈ ಹಾಕುವಾಗ ಕೈಯಿಂದ ಹೊರಗೆ ಚೆಲ್ಲಿದರೆ ಮಾತ್ರ ಎಲ್ಲ ಕಡೆ ಹೊಳೆಯುತ್ತದೆ, ಪರೀಕ್ಷೆ ಕೆಟ್ಟಿತು. ಸಿರಿಂಜಿನಲ್ಲಿ ಹಾಕಿ.

ಒಂದು ಎಚ್ಚರಿಕೆ: ಕೆಲವು ಕೂಲಂಟ್‌ಗಳ ಮೂಲ ಬಣ್ಣವೇ ಯುವಿ ಬೆಳಕಿನಲ್ಲಿ ಸ್ವಲ್ಪ ಹೊಳೆಯುತ್ತದೆ. ಡೈ ಹಾಕುವ ಮೊದಲೇ ಟಾರ್ಚ್ ಬಿಟ್ಟು ನೋಡಿಟ್ಟುಕೊಳ್ಳಿ.

ಕಡಲತಡಿ, ಉಡುಪಿ

ಡೈ ಹಾಕಿದ ಮೇಲೆ ಪಂಪಿನ ಕೆಳಗಿರುವ ಸಣ್ಣ ತೂತನ್ನು ಮರೆಯದೆ ನೋಡಿ. ಅದು ಬೇಕೆಂದೇ ಇಟ್ಟಿರುವ ತೂತು. ಪಂಪಿನ ದಂಡದ ಮೇಲೆ ಎರಡು ಸೀಲ್ ಇರುತ್ತವೆ, ಒಂದು ಕೂಲಂಟ್ ತಡೆಯಲು, ಇನ್ನೊಂದು ಎಂಜಿನ್ ಆಯಿಲ್ ತಡೆಯಲು. ನಡುವಿನ ಜಾಗದಿಂದ ಹೊರಕ್ಕೆ ಈ ದಾರಿ. ಕೂಲಂಟ್ ಬಂದರೆ ಕೂಲಂಟ್ ಸೀಲ್ ಸವೆದಿದೆ, ಆಯಿಲ್ ಬಂದರೆ ಆಯಿಲ್ ಸೀಲ್. ಯಾರೋ ಜಾಣರು ಇದಕ್ಕೆ ಎಂ-ಸೀಲ್ ಮೆತ್ತಿ ಕೊಟ್ಟ ಗಾಡಿಯನ್ನು ನೋಡಿದ್ದೇನೆ. ಹೊರಗೆ ಹೋಗಬೇಕಿದ್ದ ಕೂಲಂಟ್ ಆಯಿಲ್ ಸೀಲ್ ದಾಟಿ ಒಳಗೆ ಹೋಯಿತು. ಆಮೇಲಿನ ಖರ್ಚು ಹೇಳುವುದಿಲ್ಲ.

ಕೆಲವು ಗಾಡಿಗಳ ಕೈಪಿಡಿಯಲ್ಲೇ, ಆ ತೂತಿನ ಬಳಿ ಲೇಶ ತೇವ ಸಹಜ ಎಂದು ಬರೆದಿರುತ್ತದೆ. ತೇವ ಬೇರೆ, ಹನಿ ಬೇರೆ. ನಿಮ್ಮ ಗ್ಯಾರೇಜಿನವರು ಆ ವ್ಯತ್ಯಾಸ ನೋಡಲಿಲ್ಲ ಎನಿಸುತ್ತದೆ.

ವಿ-ಜೋಡಿ, ಮೈಸೂರು

ಸಿಕ್ಕಿತು!

ಡೈ ಹಾಕಿ ವಾರಾಂತ್ಯದಲ್ಲಿ ನಂಜನಗೂಡು, ಗುಂಡ್ಲುಪೇಟೆ ಕಡೆ ಓಡಿಸಿ ಬಂದೆ. ರಾತ್ರಿ ಟ್ಯಾಂಕ್ ಬಿಚ್ಚಿ ಟಾರ್ಚ್ ಬಿಟ್ಟರೆ ಥರ್ಮೋಸ್ಟಾಟ್ ಮನೆಗೆ ಸೇರುವ ಹೋಸಿನ ತುದಿಯ ಅಡಿಭಾಗದಿಂದ ಒಂದು ಹಸಿರು ಎಳೆ ಹೊರಟು, ಹೋಸಿನ ಮೈ ಮೇಲೆಯೇ ಹರಿದು, ತಗ್ಗಾದ ಕಡೆ ಮುಂದಿನ ಸಿಲಿಂಡರ್‌ನ ಬೆನ್ನಿಗೆ ಬಿದ್ದು ಅಲ್ಲೇ ಒಣಗಿದೆ. ಮೇಲಿನಿಂದ ನೋಡಿದರೆ ಕ್ಲಿಪ್ ಸುತ್ತ ಏನೂ ಇಲ್ಲ, ಕನ್ನಡಿ ಹಿಡಿದು ಕೆಳಗಿನಿಂದ ನೋಡಿದಾಗಲೇ ಕಂಡದ್ದು. ಪಂಪಿನ ತೂತಿನ ಹತ್ತಿರ ಕತ್ತಲು. ಒಂದು ಚುಕ್ಕೆಯೂ ಹೊಳೆಯಲಿಲ್ಲ.

ಹೋಸ್ ಎಳೆದು ತೆಗೆದೆ. ಒಳಗಿನ ಅಲ್ಯೂಮಿನಿಯಂ ಮೂತಿಯ ಮೇಲೆ ಬಿಳಿ ಪುಡಿ ಕಟ್ಟಿದೆ. ಜೊತೆಗೆ ಉದ್ದಕ್ಕೆ ಒಂದು ಗೀರು, ಹಿಂದೆ ಯಾರೋ ಸ್ಕ್ರೂಡ್ರೈವರ್ ತೂರಿಸಿ ಹೋಸ್ ಎಬ್ಬಿಸಿದ ಗುರುತು. ಈಗ ಏನು ಮಾಡಲಿ? ಹೊಸ ಕ್ಲಿಪ್ ಸಾಕೇ, ಹೋಸೂ ಬದಲಿಸಬೇಕೇ?

ಹಳೆಯ ಪಾನಾ, ಹುಬ್ಬಳ್ಳಿ

ಬಹಳ ಸಂತೋಷ. ಪಂಪಿನ ಹಣ ಉಳಿಯಿತು.

ಹೋಸನ್ನು ಕ್ಲಿಪ್ ಕೂರುತ್ತಿದ್ದ ಜಾಗದ ಪಕ್ಕದಲ್ಲಿ ಎರಡು ಬೆರಳಿನಿಂದ ಹಿಸುಕಿ, ಆಮೇಲೆ ನಡುಭಾಗದಲ್ಲಿ ಹಿಸುಕಿ. ತುದಿ ಮಾತ್ರ ಮೆತ್ತಗಿದ್ದರೆ, ಅಥವಾ ಒಳಗೆ ಸಣ್ಣ ಸೀಳು ಕೈಗೆ ಸಿಕ್ಕರೆ ಬದಲಿಸಿ. ರಬ್ಬರ್ ಹೋಸ್ ಹೊರಗಿನಿಂದ ಹೊಸದರಂತೆ ಹೊಳೆಯುತ್ತಿರುತ್ತದೆ, ಹಾಳಾಗುವುದು ಒಳಗಿನಿಂದ, ಅದೂ ಲೋಹ ಸೇರುವ ತುದಿಯ ಹತ್ತಿರ. ಅಲ್ಲಿ ಸಣ್ಣ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆಯುತ್ತದೆ, ಮೇಡಂ ಹೆಚ್ಚು ಹೇಳಬಲ್ಲರು.

ಮೂತಿಯ ಬಿಳಿ ಪುಡಿಯನ್ನು ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್‌ನಿಂದ ಸುತ್ತಲೂ ಉಜ್ಜಿ ತೆಗೆಯಿರಿ. ಉದ್ದಕ್ಕೆ ಉಜ್ಜಬೇಡಿ, ಉದ್ದದ ಪ್ರತಿಯೊಂದು ಗೆರೆಯೂ ಕೂಲಂಟಿಗೆ ಕಾಲುವೆ. ಗೀರು ಉಗುರಿಗೆ ಸಿಗದಷ್ಟು ನಯವಾದರೆ ಸಾಕು. ಆಳ ಇದ್ದರೆ ಎರಡು ಘಟಕದ ಎಪಾಕ್ಸಿ ತೆಳುವಾಗಿ ತುಂಬಿ, ಒಣಗಿದ ಮೇಲೆ ನಯ ಮಾಡಿ. ಹೋಸ್ ಕೂರಿಸುವಾಗ ಗ್ರೀಸ್ ಅಥವಾ ಎಣ್ಣೆ ಹಚ್ಚಬೇಡಿ, ಖನಿಜ ತೈಲಕ್ಕೆ ಈ ಜಾತಿಯ ರಬ್ಬರ್ ಉಬ್ಬುತ್ತದೆ. ಸ್ವಲ್ಪ ಕೂಲಂಟನ್ನೇ ಸವರಿ. ಗ್ಯಾಸ್ಕೆಟ್ ಅಂಟು ಬಳಿಯುವ ಚಟವೂ ಬೇಡ, ಒಳಗೆ ಉದುರಿದ ಚೂರು ಥರ್ಮೋಸ್ಟಾಟಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕ್ಲಿಪ್ ಮೂತಿಯ ಉಬ್ಬಿದ ಅಂಚಿನ ಹಿಂದೆ, ಥರ್ಮೋಸ್ಟಾಟ್ ಮನೆಯ ಕಡೆಗೆ ಬರಬೇಕು, ಅಂಚಿನ ಮೇಲೆ ಅಲ್ಲ.

ಮಿಷಿಗನ್ ಕನ್ನಡಿಗ

ಮೂಲ ಹೋಸ್ ಸಿಗದಿದ್ದರೆ ಜನ ಸಿಲಿಕಾನ್ ಹೋಸ್ ಹಾಕುತ್ತಾರೆ, ನೀಲಿ, ಕೆಂಪು ಬಣ್ಣದ್ದು. ಶಾಖ ತಡೆಯುತ್ತದೆ, ನಿಜ. ಆದರೆ ಅದು ಮೆತ್ತಗಿರುವುದರಿಂದ ಸಾಮಾನ್ಯ ತಿರುಪಿನ ಕ್ಲಿಪ್ ಅದನ್ನು ಕೊಯ್ದುಬಿಡುತ್ತದೆ. ಒಳಪಟ್ಟಿ ಇರುವ ಕ್ಲಿಪ್ ಬೇಕು. ನೇರ ಹೋಸನ್ನು ಬಗ್ಗಿಸಿ ಹಾಕಬೇಡಿ, ತಿರುವಿನಲ್ಲಿ ಮಡಿಚಿ ಹರಿವು ಕಟ್ಟುತ್ತದೆ. ಒಳವ್ಯಾಸ ಸರಿಹೊಂದುವ, ಅಚ್ಚಿನಲ್ಲೇ ಬಾಗಿಸಿದ ಹೋಸ್ ಹುಡುಕಿ.

ಜೆ.ಸಿ. ರಸ್ತೆ ತಿರುಗಾಡಿ, ಬೆಂಗಳೂರು

ಹಳೆಯ ಹೋಸನ್ನು ಕೈಯಲ್ಲಿ ಹಿಡಿದು ವಾಹನ ಬಿಡಿಭಾಗಗಳ ಅಂಗಡಿಗಳಿರುವ ನಮ್ಮ ಜೆ.ಸಿ. ರಸ್ತೆಗೆ ಬನ್ನಿ. ಕಾರಿನ ಹೀಟರ್ ಹೋಸ್‌ಗಳ ರಾಶಿಯಲ್ಲಿ ಇದೇ ತಿರುವಿನದು ಸಿಕ್ಕರೂ ಸಿಕ್ಕಿತು, ಉದ್ದ ಇದ್ದರೆ ಕತ್ತರಿಸಿಕೊಂಡರಾಯಿತು. ದೊಡ್ಡ ಕ್ರೂಸರ್ ಎಂದು ಹೆದರಿಸುವವರ ಮಾತು ಕೇಳಬೇಡಿ. ಯಮಹಾ ಆರ್15 2008ರಲ್ಲಿ ಬಂದ ದಿನದಿಂದ ನಮ್ಮ ಮೆಕ್ಯಾನಿಕ್‌ಗಳು ಬೈಕಿನ ರೇಡಿಯೇಟರ್ ನೋಡುತ್ತಿದ್ದಾರೆ. ಕ್ರೂಸರ್ ಎಂದರೆ ಗಾಳಿ ತಂಪು ಎಂಬ ರೂಢಿ ನಮ್ಮಲ್ಲಿ ಇರುವುದರಿಂದ ಅವರು ಸ್ವಲ್ಪ ಹಿಂಜರಿಯುತ್ತಾರೆ, ಅಷ್ಟೇ.

ರಸಾಯನ ಮೇಡಂ, ದಾವಣಗೆರೆ

ಮತ್ತೆ ತುಂಬಿಸುವ ಮೊದಲು ನನ್ನ ವಿಷಯ. ಅಂಗಡಿಯಿಂದ ತಂದ ಕೂಲಂಟ್ ಡಬ್ಬಿಯ ಹಿಂದೆ ಓದಿ: ಹಾಗೇ ಸುರಿಯುವ ಸಿದ್ಧ ಮಿಶ್ರಣವೋ, ನೀರು ಬೆರೆಸಬೇಕಾದ ಗಟ್ಟಿ ದ್ರವವೋ. ಸಿದ್ಧ ಮಿಶ್ರಣಕ್ಕೆ ಮತ್ತೆ ಅಷ್ಟೇ ನೀರು ಹಾಕಿದರೆ ತುಕ್ಕು ತಡೆಯುವ ಅಂಶ ಅರ್ಧಕ್ಕೆ ಇಳಿಯುತ್ತದೆ. ಗಟ್ಟಿ ದ್ರವಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಿ. ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶವಿದೆ, ಮನೆಯ ಬಾಯ್ಲರ್ ಒಳಗೆ ಕಟ್ಟುವ ಬಿಳಿ ಪದರವೇ ಇಲ್ಲಿಯೂ ಕಟ್ಟುತ್ತದೆ. ಬೇರೆ ಬೇರೆ ಜಾತಿಯ ಕೂಲಂಟ್ ಬೆರೆಸಬೇಡಿ, ಕೆಲವು ಬೆರೆತಾಗ ಲೋಳೆಯಾಗುತ್ತವೆ. ಬಣ್ಣ ನೋಡಿ ಜಾತಿ ತೀರ್ಮಾನಿಸುವಂತಿಲ್ಲ, ತಯಾರಕರು ತಮಗೆ ಇಷ್ಟ ಬಂದ ಬಣ್ಣ ಹಾಕುತ್ತಾರೆ. ಸಿಲಿಕೇಟ್ ಇಲ್ಲದ್ದು ಎಂದು ಕೈಪಿಡಿ ಕೇಳಿದ್ದರೆ ಅದನ್ನೇ ಕೊಳ್ಳಿ, ಪಂಪಿನ ಸೀಲ್ ಸವೆಯಬಾರದು ಎಂಬುದು ಅದರ ಹಿಂದಿನ ಕಾಳಜಿ.

ಹಳೆಯದನ್ನು ಬಚ್ಚಲಿಗೋ ರಸ್ತೆಗೋ ಚೆಲ್ಲಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿಗಳು ನೆಕ್ಕುತ್ತವೆ, ಸ್ವಲ್ಪವೇ ಪ್ರಮಾಣ ಮೂತ್ರಪಿಂಡ ಕೆಡಿಸಿ ಕೊಲ್ಲುತ್ತದೆ. ಮಕ್ಕಳ ಕೈಗೆ ಸಿಗುವ ನೀರಿನ ಬಾಟಲಿಯಲ್ಲಂತೂ ತುಂಬಿ ಇಡಲೇಬೇಡಿ. ಮುಚ್ಚಳ ಭದ್ರವಾದ ಕ್ಯಾನಿನಲ್ಲಿ ಹಾಕಿ, ಮೇಲೆ ದೊಡ್ಡದಾಗಿ ಬರೆದು, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಆಯಿಲ್ ಜೊತೆ ಬೆರೆಸದೆ ಕೊಡಿ.

ವಿ-ಜೋಡಿ, ಮೈಸೂರು

ಹೋಸಿನ ತುದಿ ಮೆತ್ತಗಿತ್ತು, ಒಳಗೆ ಸೀಳೂ ಇತ್ತು. ಹೊಸ ಹೋಸ್, ಎರಡೂ ಕಡೆ ಸ್ಪ್ರಿಂಗ್ ಕ್ಲಿಪ್. ಗೀರು ಉಜ್ಜಿದಾಗಲೇ ಹೋಯಿತು. ನಿಧಾನವಾಗಿ ಕೂಲಂಟ್ ಸುರಿಯುತ್ತಾ ಹೋಸ್‌ಗಳನ್ನು ಹಿಸುಕಿ ಗುಳ್ಳೆ ಬಿಡಿಸಿದೆ, ಗಾಳಿ ಬಿಡುವ ತಿರುಪಿನಿಂದ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ಕಾದೆ. ಒಮ್ಮೆ ಫ್ಯಾನ್ ತಿರುಗುವವರೆಗೆ ಎಂಜಿನ್ ಓಡಿಸಿ, ಮರುದಿನ ಬೆಳಿಗ್ಗೆ ನೋಡಿದರೆ ರೇಡಿಯೇಟರ್ ಇನ್ನಷ್ಟು ಕುಡಿದಿತ್ತು, ತುಂಬಿಸಿದೆ. ಟೆಸ್ಟರ್ ಮುಳ್ಳು ಈಗ ನಿಂತಲ್ಲೇ ನಿಂತಿದೆ. ಡಬ್ಬಿಯ ಗೆರೆ ಇಳಿದಿಲ್ಲ, ವಾಸನೆಯೂ ಇಲ್ಲ. ಗ್ಯಾರೇಜಿಗೆ ಹೋಗಿ ಹೇಳಿ ಬರಬೇಕೆಂದು ಮನಸ್ಸಾಗುತ್ತಿದೆ, ಆದರೆ ಮುಂದೆ ಟಯರ್ ಬದಲಿಸಲು ಅಲ್ಲಿಗೇ ಹೋಗಬೇಕು.

ಘಟ್ಟದ ಸವಾರ, ಶಿವಮೊಗ್ಗ

ಅಭಿನಂದನೆ ಸರ್. ನನ್ನ ಪ್ರಶ್ನೆ ಉಳಿದಿದೆ. ಇದೆಲ್ಲ ಮನೆಯಲ್ಲಿ ಸರಿ. ಆಗುಂಬೆ ಘಟ್ಟದ ನಡುವೆ ಹೋಸ್ ಸೀಳಿದರೆ? ಅರಿಶಿನ ಬೇಡ ಎಂದರೆ ಬೇರೆ ಏನು ಒಯ್ಯಲಿ?

ಕಡಲತಡಿ, ಉಡುಪಿ

ತನಗೆ ತಾನೇ ಅಂಟಿಕೊಳ್ಳುವ ಸಿಲಿಕಾನ್ ಟೇಪ್ ಒಂದು ಸುರುಳಿ, ಎರಡು ಕ್ಲಿಪ್, ಒಂದು ಸಣ್ಣ ಸ್ಕ್ರೂಡ್ರೈವರ್, ಒಂದು ಲೀಟರ್ ನೀರು. ಗಾಡಿ ನಿಲ್ಲಿಸಿ ಪೂರ್ತಿ ತಣ್ಣಗಾಗಲು ಬಿಡಿ, ಅರ್ಧ ಗಂಟೆಯಲ್ಲಿ ಆಗುವ ಕೆಲಸವಲ್ಲ. ಹೋಸ್ ಒರೆಸಿ ಒಣಗಿಸಿ, ಟೇಪನ್ನು ಅದರ ಉದ್ದದ ಎರಡು ಮೂರು ಪಟ್ಟು ಎಳೆಯುತ್ತಾ ಅರ್ಧರ್ಧ ಒಂದರ ಮೇಲೊಂದು ಬರುವಂತೆ ಸುತ್ತಿ. ಎಳೆಯದೆ ಸುತ್ತಿದರೆ ಅಂಟುವುದಿಲ್ಲ. ರೇಡಿಯೇಟರ್‌ಗೆ ನೀರು ತುಂಬಿಸಿ, ಮುಚ್ಚಳವನ್ನು ಮೊದಲ ಹಲ್ಲಿನವರೆಗೆ ಮಾತ್ರ ತಿರುಗಿಸಿ ಬಿಡಿ. ಒತ್ತಡ ಕಟ್ಟುವುದಿಲ್ಲ, ಟೇಪಿನ ಮೇಲೆ ಹೊರೆ ಬೀಳುವುದಿಲ್ಲ. ಒತ್ತಡ ಇಲ್ಲದ ಮೇಲೆ ಬೇಗ ಕುದಿಯುತ್ತದೆ, ಬರೀ ನೀರಾದ್ದರಿಂದ ಇನ್ನೂ ಬೇಗ. ಆದ್ದರಿಂದ ಏರಬೇಡಿ, ಇಳಿಯಿರಿ. ಸೋಮೇಶ್ವರದ ಕಡೆಗೆ ಇಳಿದರೆ ಎಂಜಿನ್ನಿಗೆ ಕೆಲಸವೇ ಕಡಿಮೆ, ದಾರಿಯಲ್ಲಿ ಎರಡು ಕಡೆ ನಿಂತು ಬಿಸಿ ನೋಡಿಕೊಳ್ಳಿ. ಊರು ಸೇರಿದ ಮೇಲೆ ಆ ನೀರನ್ನು ಪೂರ್ತಿ ತೆಗೆದು ಕೂಲಂಟ್ ಹಾಕಿಸಿ, ಮುಂದಿನ ಸರ್ವಿಸ್‌ವರೆಗೆ ಕಾಯಬೇಡಿ.

ಘಟ್ಟದ ಸವಾರ, ಶಿವಮೊಗ್ಗ

ಟೇಪ್ ತರಿಸಿದೆ. ಜೀಪಿನ ರೇಡಿಯೇಟರ್ ತೊಳೆಸಲು ಈ ಶನಿವಾರ ಬಿಡುತ್ತಿದ್ದೇನೆ.